ಹದಿನೇಳನೇ ಗೆರೆ

1996ರ ಆಗಸ್ಟ್‌ನಲ್ಲಿ, ಎಂಟನೇ ತರಗತಿಯ ನಡುವೆ, ನಾನು ಓದು ನಿಲ್ಲಿಸಿದೆ. ಸೇಲಂನಲ್ಲಿ ನಮ್ಮದು ಮಗ್ಗದ ಮನೆ. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೇಷ್ಟ್ರು ಮನೆಗೇ ಬಂದು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ: ಓದುವುದಕ್ಕೂ ಕಣ್ಣು ಬೇಕು, ನೇಯುವುದಕ್ಕೂ ಕಣ್ಣು ಬೇಕು, ಮನೆಯಲ್ಲಿ ಕಾಣುವ ಕಣ್ಣು ಇವನದೊಂದೇ ಜೊತೆ. ತಮ್ಮ ಮುರುಗೇಶನಿಗೆ ಆಗ ಆರು ವರ್ಷ. ಮಾರನೆಯ ದಿನ ನಾನು ಮಗ್ಗದಲ್ಲಿ ಕೂತೆ.

ಕನಿಕರ ಬೇಕೆಂದು ಇದನ್ನು ಬರೆಯುತ್ತಿಲ್ಲ. ನಾನು ಕಲಿತದ್ದೆಲ್ಲ ಕೈಯಿಂದ ಕಲಿತೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಮಗ್ಗದಿಂದ ಜಕಾರ್ಡ್ ಕಾರ್ಡ್ ಕೊರೆಯುವ ಕೆಲಸಕ್ಕೆ ಹೋದೆ. ಸೀರೆಯ ಅಂಚಿನಲ್ಲಿ ಹೂವೋ ನವಿಲೋ ಬರಬೇಕಾದರೆ ಮೊದಲು ಅದನ್ನು ಚೌಕಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಬರೆಯಬೇಕು, ಆಮೇಲೆ ಆ ಚುಕ್ಕಿಗಳ ಪ್ರಕಾರ ರಟ್ಟಿನಲ್ಲಿ ತೂತು ಕೊರೆಯಬೇಕು. ಆರು ವರ್ಷ ಬೆಂಗಳೂರಿನಲ್ಲಿ ಅದೇ ಕೆಲಸ ಮಾಡಿದೆ. ಮನೆಮಾತು ಕನ್ನಡವಾದರೂ ತಮಿಳು ಶಾಲೆಯವನಾದ ನಾನು ಕನ್ನಡ ಅಕ್ಷರ ಕಲಿತದ್ದೂ ಅಲ್ಲೇ, ಬಸ್ಸಿನ ಬೋರ್ಡು ಓದಿ ಓದಿ. ಕಾರ್ಡಿನ ಜಾಗಕ್ಕೆ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತೆ. 2017ರಲ್ಲಿ ಸೇಲಂನ ಒಂದು ಸಣ್ಣ ಕಂಪನಿಗೆ ಡೇಟಾ ಆಪರೇಟರ್ ಆಗಿ ಸೇರಿದೆ. ಕಲ್ಲು ಕ್ವಾರಿ, ಘಾಟಿನ ರಸ್ತೆ, ಕೆರೆ ಏರಿ ಮುಂತಾದ ಕಡೆ ಅಳತೆಯ ಯಂತ್ರ ಹೂಡಿ, ಕಲ್ಲೋ ಮಣ್ಣೋ ಜರುಗುತ್ತಿದೆಯೇ ಎಂದು ದಿನಾ ನೋಡಿ ಹೇಳುವುದು ಕಂಪನಿಯ ಕೆಲಸ. ನಾನು ಹೇಳಹೊರಟಿರುವುದು 2022ರ ಅಕ್ಟೋಬರ್‌ನಲ್ಲಿ ನಡೆದದ್ದು.

ಮೊದಲು ಕೆಲಸ ಹೇಗಿತ್ತೆಂದು ಹೇಳಬೇಕು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಂಕಿಗಳನ್ನು ಗೆರೆಯ ಚಿತ್ರವಾಗಿ ಬರೆಯುವ ಸೌಲಭ್ಯ ಉಂಟು. ಅದರ ಜೊತೆಗೇ, ಹೊಸಬರು ನೋಡಿ ಕಲಿಯಲೆಂದು, ಉದಾಹರಣೆ ಸ್ಕ್ರಿಪ್ಟ್‌ಗಳು ಸಿಗುತ್ತವೆ. ಒಂದೊಂದು ಸ್ಕ್ರಿಪ್ಟ್ ಒಂದು ಬಗೆಯ ಚಿತ್ರ ಬರೆಯುತ್ತದೆ. ನಮ್ಮ ಎಂಜಿನಿಯರ್ ಕವಿತಾ ಮೇಡಂ ಅಂಥ ಅರವತ್ತನಾಲ್ಕು ಸ್ಕ್ರಿಪ್ಟ್‌ಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿಕೊಟ್ಟು, "ಒಂದೊಂದಾ ಓಟ್ಟಿ ಪಾರುಂಗ ಅಣ್ಣಾ" ಎಂದಿದ್ದರು. ಒಂದೊಂದನ್ನೇ ಓಡಿಸಿ ನೋಡಿದೆ. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದರೆ ಯಾವ ಸಾಲು ಅಳಿಸಿದರೆ ಚಿತ್ರದಲ್ಲಿ ಯಾವುದು ಮಾಯವಾಗುತ್ತದೆ ಎಂದು ನೋಡುತ್ತ ಹೋದೆ. ಎಳೆ ಜಗ್ಗಿ ನೋಡಿದರೆ ಹೂವಿನ ಯಾವ ದಳ ಅಲುಗುತ್ತದೆ ಎಂದು ಗೊತ್ತಾಗುವ ಹಾಗೆ.

ಆಫೀಸಿಗೆ ಹೊಸ ಕಂಪ್ಯೂಟರ್ ಬಂದಾಗ, ಅದರಲ್ಲಿ ಅರವತ್ತನಾಲ್ಕೂ ಸರಿಯಾಗಿ ಓಡುತ್ತವೆಯೇ ಎಂದು ಪರೀಕ್ಷಿಸಬೇಕಾಯಿತು. ಒಂದು ಓಡಿಸಬೇಕು, ಚಿತ್ರದ ಕಿಟಕಿ ತೆರೆಯುತ್ತದೆ, ಉಳಿಸಬೇಕು, ಮುಚ್ಚಬೇಕು, ಮುಂದಿನದು. ಒಂದು ಬೆಳಗ್ಗೆಯೆಲ್ಲ ಬೇಕು. ಆಗ ನಾನೇ ಒಂದು ಸ್ಕ್ರಿಪ್ಟ್ ಬರೆದೆ. ಅದು ಫೋಲ್ಡರಿನೊಳಗೆ ಹೋಗಿ ಒಂದರ ಹಿಂದೆ ಒಂದನ್ನು ತಾನೇ ಓಡಿಸುತ್ತದೆ, ಕಿಟಕಿ ತೆರೆಯದೆ ಚಿತ್ರವನ್ನು ನೇರ ಫೈಲಿಗೆ ಇಳಿಸುತ್ತದೆ, ಓಡಿದ್ದಕ್ಕೆ 'ಓಕೆ', ಓಡದ್ದಕ್ಕೆ 'ಫೇಲ್' ಎಂದು ಪಟ್ಟಿಯಲ್ಲಿ ಬರೆಯುತ್ತದೆ. ನಾಲ್ಕು ನಿಮಿಷದಲ್ಲಿ ಅರವತ್ತನಾಲ್ಕು ಓಕೆ. ಕವಿತಾ ಮೇಡಂ ಎರಡು ಸಲ ಓಡಿಸಿ ನೋಡಿ ನಕ್ಕರು. ಆ ದಿನ ಮನೆಗೆ ಹೋಗುವಾಗ ಬೀದಿ ನನಗೆ ಚಿಕ್ಕದಾಗಿ ಕಂಡಿತು.

ಕ್ವಾರಿಯ ಕೆಲಸ ಬಂದದ್ದು ಆ ಮೇಲೆ. ಪಾಲಕೋಡು ದಾಟಿ ಮಾರಂಡಹಳ್ಳಿಗೆ ಹೋಗುವ ದಾರಿಯಿಂದ ಒಳಗೆ, ಒಂದು ಗ್ರಾನೈಟ್ ಕ್ವಾರಿ. ಅಗೆದು ಅಗೆದು ನಾಲ್ಕು ಕಡೆಯೂ ಕಡಿದಾದ ಕಲ್ಲಿನ ಗೋಡೆ ನಿಂತಿತ್ತು. ಇಪ್ಪತ್ತನಾಲ್ಕು ಯಂತ್ರ ಹೂಡಿದೆವು. ಬಿರುಕು ಅಳೆಯುವವು ಕೆಲವು, ವಾಲುವಿಕೆ ಅಳೆಯುವವು ಕೆಲವು. ಒಂದೊಂದು ಯಂತ್ರದ ಕಳೆದ ಮೂವತ್ತು ದಿನದ ಅಂಕಿಯೂ ಸಿಮ್ ಕಾರ್ಡಿನ ಮೂಲಕ ದಿನಾ ಬೆಳಗ್ಗೆ ಸೇಲಂಗೆ ಒಂದು ಹೊಸ ಫೈಲಾಗಿ ಬರುತ್ತದೆ. ಇಪ್ಪತ್ತನಾಲ್ಕು ಫೈಲಿಗೆ ಇಪ್ಪತ್ತನಾಲ್ಕು ಸ್ಕ್ರಿಪ್ಟ್. ಅವನ್ನು ಆ ಉದಾಹರಣೆಗಳಿಂದಲೇ ನಕಲು ಮಾಡಿ ತಿದ್ದಿದೆ. ಬೆಳಗ್ಗೆ ಒಂಬತ್ತಕ್ಕೆ ನನ್ನ ಸ್ಕ್ರಿಪ್ಟ್ ಅಷ್ಟನ್ನೂ ಓಡಿಸುತ್ತಿತ್ತು. ಕಳೆದ ಮೂವತ್ತು ದಿನದ ಗೆರೆ ಇಪ್ಪತ್ತನಾಲ್ಕು ಹಾಳೆಯಲ್ಲಿ ಬರುತ್ತಿತ್ತು. ಅದನ್ನು ನಾನು ಕ್ವಾರಿಗೆ ಕಳಿಸುತ್ತಿದ್ದೆ.

ಅದೇ ಕ್ವಾರಿಯಲ್ಲಿ ನನ್ನ ತಮ್ಮ ಮುರುಗೇಶ ಜಾಕ್ ಹ್ಯಾಮರ್ ಹಿಡಿದು ಕಲ್ಲಿಗೆ ತೂತು ಹೊಡೆಯುತ್ತಿದ್ದ. ಮೂರನೇ ಗೋಡೆಯ ಕೆಳಗೆ ಅವನನ್ನು ಸೇರಿಸಿ ಹದಿನಾಲ್ಕು ಜನ. ಆ ಗೋಡೆಯ ನೆತ್ತಿಯ ಬಿರುಕಿಗೆ ಹಾಕಿದ್ದ ಯಂತ್ರವೇ ಹದಿನೇಳನೆಯದು. ಭಾನುವಾರ ಮನೆಗೆ ಬಂದಾಗಲೆಲ್ಲ ಅವನದು ಒಂದೇ ಪ್ರಶ್ನೆ.

"ನಮ್ ಗೋಡೆ ಏನಂತೈತೆ ಅಣ್ಣ?"

"ಮಲಗೈತೆ ಕಣಲಾ."

"ಮಲಗಿರ್ಲಿ ಬುಡು. ನಾವು ಅದರ ನೆಳ್ಳಲ್ಲೇ ಕುಂತು ಉಣ್ಣೋದು. ಎಬ್ಬಿಸ್‌ಬುಟ್ಟೀಯ!"

ಜೊತೆಯವರು ಅವನನ್ನು ರೇಗಿಸುತ್ತಿದ್ದರಂತೆ, ನಿಮ್ಮಣ್ಣ ಸೇಲಂನಲ್ಲಿ ಫ್ಯಾನಿನ ಕೆಳಗೆ ಕೂತು ನಮ್ಮ ಗೋಡೆ ಕಾಯುತ್ತಾನೆ ಎಂದು. ಹೇಳುವಾಗ ಅವನಿಗೂ ಒಳಗೊಳಗೆ ಖುಷಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ವಾರಗಳಲ್ಲಿ ಎಲ್ಲ ಯಂತ್ರ ಹೂಡಿ ಆಗಿರಲಿಲ್ಲ. ಫೈಲ್ ಇಲ್ಲದ ಕಡೆ ಸ್ಕ್ರಿಪ್ಟ್ ಫೇಲ್ ಆಗುತ್ತಿತ್ತು. ಪಟ್ಟಿಯಲ್ಲಿ ಆ ಫೇಲ್ ಎಂಬ ಅಕ್ಷರ ನೋಡುವುದು ನನ್ನಿಂದ ಆಗಲಿಲ್ಲ. ಮಗ್ಗದಲ್ಲಿ ಅಪ್ಪ ಕಲಿಸಿದ್ದ ಪಾಠ ಒಂದಿತ್ತು: "ಎಳೆ ಕಡಿದ್ರೆ ಮಗ್ಗ ನಿಲ್ಲಿಸ್‌ಬ್ಯಾಡ. ಯಾವುದಾರ ಒಂದ್ ಎಳೆ ಕಟ್ಟು, ಓಗ್ತಾ ಇರು. ಸೀರೆ ಇಳಿದ ಮ್ಯಾಲೆ ಕಿತ್ತು ಸರಿ ಮಾಡು." ಹಾಗೇ ಮಾಡಿದೆ. ಉದಾಹರಣೆ ಸ್ಕ್ರಿಪ್ಟ್‌ಗಳು ತಮ್ಮೊಳಗೇ ಒಂದಿಷ್ಟು ಮಾದರಿ ಅಂಕಿ ಇಟ್ಟುಕೊಂಡಿರುತ್ತವೆ, ಬೇರೆ ಫೈಲ್ ಇಲ್ಲದೆಯೂ ಓಡಲಿ ಎಂದು. ಆ ಭಾಗವನ್ನು ನಾನು ಅಳಿಸದೆ ಉಳಿಸಿಕೊಂಡೆ. ಇಪ್ಪತ್ತನಾಲ್ಕರಲ್ಲೂ ಒಂದು ಸಾಲು ಸೇರಿಸಿದೆ: ಫೈಲ್ ಇದ್ದರೆ ಅದರ ಅಂಕಿ ತೆಗೆದುಕೊ, ಇಲ್ಲದಿದ್ದರೆ ಮಾದರಿ ಅಂಕಿ ತೆಗೆದುಕೊ.

ಪಟ್ಟಿ ಶುಚಿಯಾಯಿತು. ಇಪ್ಪತ್ತನಾಲ್ಕು ಓಕೆ. ಯಂತ್ರ ಎಲ್ಲವೂ ಬಂದ ಮೇಲೆ ಆ ಸಾಲನ್ನು ಕಿತ್ತುಹಾಕಬೇಕು ಎಂದುಕೊಂಡಿದ್ದೆ. ಕಿತ್ತುಹಾಕಲಿಲ್ಲ.

ಅಕ್ಟೋಬರ್ ಮೊದಲ ವಾರ ಮಳೆ ಹಿಡಿಯಿತು. ಹದಿನೇಳನೇ ಯಂತ್ರದ ಅಂಕಿ ಮೂರು ದಿನದಲ್ಲಿ 1.2 ಮಿಲಿಮೀಟರ್‌ನಿಂದ 1.9ಕ್ಕೆ, ಅಲ್ಲಿಂದ 3.1ಕ್ಕೆ ಏರಿತು. ಕವಿತಾ ಮೇಡಂ ಆಗ ನೀಲಗಿರಿ ಕಡೆ ಒಂದು ರಸ್ತೆ ಕೆಲಸಕ್ಕೆ ಹೋಗಿದ್ದರು. ಫೋನಿನಲ್ಲಿ, "ಪದಿನೇಳು ಮೇಲ ಕಣ್ಣು ವೆಯ್ಯಿಂಗ ಅಣ್ಣಾ" ಎಂದರು. ಹದಿನೇಳರ ಮೇಲೆ ಕಣ್ಣಿಡಿ ಎಂದು. ನಾನು ಕಣ್ಣಿಟ್ಟೆ. ಮಾರನೆಯ ಬೆಳಗ್ಗೆ ನೋಡಿದರೆ ಗೆರೆ ಕೆಳಗೆ ಇಳಿದು ತಣ್ಣಗೆ ಮಲಗಿತ್ತು. "ಇಳಿದಿದೆ ಮೇಡಂ" ಎಂದು ಹೇಳಿದೆ. ಅವರೂ ನಿಟ್ಟುಸಿರು ಬಿಟ್ಟರು.

ಬಿರುಕು ಬಿಟ್ಟ ಕಲ್ಲು ಮತ್ತೆ ಕೂಡಿಕೊಳ್ಳುತ್ತದೆಯೇ? ಯಾವ ಶಾಲೆಗೂ ಹೋಗದ ನಮ್ಮಜ್ಜಿಯನ್ನು ಕೇಳಿದ್ದರೂ ಇಲ್ಲ ಎನ್ನುತ್ತಿದ್ದಳು. ಅಷ್ಟೇ ಅಲ್ಲ, ಹಿಂದಿನ ದಿನ ಕಂಡಿದ್ದ ಆ ಏರಿಕೆಯೇ ಹಾಳೆಯಿಂದ ಮಾಯವಾಗಿತ್ತು. ನಾನು ಗೆರೆಯ ತುದಿಯನ್ನಷ್ಟೇ ನೋಡಿದ್ದೆ. ತುದಿ ಕೆಳಗಿತ್ತು, ಪಟ್ಟಿ ಓಕೆ ಎನ್ನುತ್ತಿತ್ತು. ಕಳಿಸಿದೆ. ಹೀಗೆ ಹನ್ನೊಂದು ದಿನ ಕಳಿಸಿದೆ. ಆ ನಡುವೆ ಒಂದು ಭಾನುವಾರ ಮುರುಗೇಶ ಬಂದಿದ್ದ. ಅದೇ ಪ್ರಶ್ನೆ ಕೇಳಿದ. ಮಲಗೈತೆ ಎಂದೆ.

ಹನ್ನೊಂದನೇ ದಿನ ಬೆಳಗ್ಗೆ, ಒಂಬತ್ತರ ಓಟ ಮುಗಿದು ಹಾಳೆಗಳು ಅಚ್ಚಾಗಿ, ರಿಪೋರ್ಟ್ ಹೋದ ಮೇಲೆ, ಕರೆಂಟ್ ಹೋಯಿತು. ಹೊರಗೆ ಜಿನುಗು ಮಳೆ. ಕೈ ಸುಮ್ಮನಿರಲಾರದೆ, ಹಾಳೆಗಳನ್ನು ಯಂತ್ರದ ಸಂಖ್ಯೆಯ ಪ್ರಕಾರ ಫೈಲಿಗೆ ಸೇರಿಸುತ್ತ ಕೂತೆ. ಒಂದನೇ ಯಂತ್ರದ ಹಾಳೆಗಳನ್ನು ಹೆಬ್ಬೆರಳಲ್ಲಿ ಹಿಡಿದು ಸರಸರ ಬಿಟ್ಟೆ. ಗೆರೆ ಬಲದಿಂದ ಎಡಕ್ಕೆ ನಡೆಯುತ್ತಿತ್ತು. ಅದು ಸಹಜ. ಮೂವತ್ತು ದಿನದ ಚಿತ್ರದಲ್ಲಿ ನಿನ್ನೆಯ ಉಬ್ಬು ಇಂದು ಒಂದು ದಿನದಷ್ಟು ಎಡಕ್ಕೆ ಸರಿಯಲೇಬೇಕು. ಎರಡು, ಮೂರು, ನಾಲ್ಕು, ಎಲ್ಲವೂ ನಡೆದವು. ಹದಿನೇಳು ನಡೆಯಲಿಲ್ಲ.

ಮತ್ತೆ ಬಿಟ್ಟೆ. ಕೆಳಗೆ ತಾರೀಖು ಬದಲಾಗುತ್ತಿತ್ತು, ಗೆರೆ ನಿಂತಲ್ಲೇ ನಿಂತಿತ್ತು. ಎರಡು ಹಾಳೆ ತೆಗೆದು, ಜಕಾರ್ಡ್ ಕಾರ್ಡ್ ತಾಳೆ ನೋಡುವ ಹಾಗೆ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡು ಉಬ್ಬು, ಒಂದು ತಗ್ಗು, ಮತ್ತೊಂದು ಸಣ್ಣ ಉಬ್ಬು. ಸೀರೆಯ ಅಂಚಿನಲ್ಲಿ ಒಂದೇ ಹೂವು ಹೀಗೆ ಮರುಕಳಿಸಿದರೆ ಅದು ಒಳ್ಳೆಯ ಕೆಲಸ. ಕಲ್ಲುಬಂಡೆ ಒಂದೇ ಹೂವನ್ನು ಹನ್ನೊಂದು ಸಲ ನೇಯುವುದಿಲ್ಲ.

ಆ ಹೂವು ಯಾವುದೆಂದು ನೋಡಲು ನನಗೆ ಕಂಪ್ಯೂಟರ್ ಬೇಕಿರಲಿಲ್ಲ. ಕಲಿಯುವಾಗ ನೂರು ಸಲ ಓಡಿಸಿದ ಉದಾಹರಣೆಯ ಗೆರೆ ಅದು. ಮಾದರಿ ಅಂಕಿಗಳು ಮನಬಂದಂತೆ ಹುಟ್ಟಿದ ಹಾಗೆ ಕಾಣುತ್ತವೆ. ಆದರೆ ಅವುಗಳ ಮೂಲದಲ್ಲಿ ಬೀಜದಂಥ ಒಂದು ಸಂಖ್ಯೆ ಇಟ್ಟಿರುತ್ತಾರೆ. ಅದು ಬದಲಾಗದಿದ್ದರೆ ಎಷ್ಟು ಸಲ ಬಿತ್ತಿದರೂ ಅದೇ ಗಿಡ. ಅಂದರೆ ಹನ್ನೊಂದು ದಿನದಿಂದ ಹದಿನೇಳನೇ ಯಂತ್ರ ಫೈಲನ್ನೇ ಕಳಿಸಿಲ್ಲ. ಕಡಿದ ಎಳೆಯ ಜಾಗಕ್ಕೆ ನನ್ನ ಸ್ಕ್ರಿಪ್ಟ್ ಸುಳ್ಳು ಎಳೆ ಕಟ್ಟಿಕೊಂಡು ನೇಯುತ್ತಿತ್ತು. ಯಂತ್ರ ಯಾಕೆ ನಿಂತಿತು? 3.1ಕ್ಕೆ ಏರಿದ ರಾತ್ರಿಯೇ ಯಾಕೆ ನಿಂತಿತು?

ಮುರುಗೇಶನಿಗೆ ಫೋನ್ ಮಾಡಿದೆ. ಎತ್ತಲಿಲ್ಲ, ಎತ್ತುವುದೂ ಇಲ್ಲ ಎಂದು ಗೊತ್ತಿತ್ತು. ಸಿಡಿಮದ್ದು ಹಾಕುವ ಕ್ವಾರಿಯಲ್ಲಿ ಫೋನ್ ಒಳಗೆ ಬಿಡುವುದಿಲ್ಲ. ಶೆಡ್ಡಿನ ಪೆಟ್ಟಿಗೆಯಲ್ಲಿಟ್ಟು ಇಳಿಯಬೇಕು. ಕವಿತಾ ಮೇಡಂ ಸಿಗಲಿಲ್ಲ, ಬೆಟ್ಟದ ಮೇಲೆ ಸಿಗ್ನಲ್ ಇಲ್ಲ. ಕ್ವಾರಿಯ ಮ್ಯಾನೇಜರ್ ಪೆರುಮಾಳ್ ಎತ್ತಿದರು.

"ಸಾರ್, ಮೂರನೇ ಗೋಡೆಯಿಂದ ಜನರನ್ನು ಈಗಲೇ ಹೊರಗೆ ಕರೆಸಿ. ಹದಿನೇಳರ ಗೆರೆ ಸುಳ್ಳು."

"ಇಪ್ಪೋದಾನ್ ರಿಪೋರ್ಟ್ ವಂದುದು. ಓಕೆನ್ನು ನೀಂಗದಾನೇ ಪೋಟ್ಟೀಂಗ?" ಈಗ ತಾನೇ ಬಂದ ರಿಪೋರ್ಟಿನಲ್ಲಿ ಓಕೆ ಎಂದು ಹಾಕಿದ್ದು ನೀವೇ ಅಲ್ಲವೇ ಎಂದರು. ಎಂಜಿನಿಯರ್ ಹೇಳಲಿ, ಇಲ್ಲವೇ ಬರೆದು ಕೊಡಿ, ಬಾಯಿಮಾತಿಗೆ ಕೆಲಸ ನಿಲ್ಲಿಸಲಾರೆ ಎಂದು ಫೋನ್ ಇಟ್ಟರು. ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ಹನ್ನೊಂದು ದಿನ ನಾನು ಹೇಳಿದ್ದನ್ನೇ ಅವರು ನಂಬಿದ್ದರು.

ಆ ಎರಡು ಹಾಳೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯೊಳಗಿಟ್ಟುಕೊಂಡು ಬೈಕ್ ಹತ್ತಿದೆ. ಆಗ ಹತ್ತು ಗಂಟೆ. ತೊಪ್ಪೂರು ಘಾಟಿನಲ್ಲಿ ಲಾರಿಯೊಂದು ಅಡ್ಡ ಬಿದ್ದಿತ್ತು, ಎರಡೂ ಕಡೆ ಗಾಡಿ ನಿಂತಿದ್ದವು. ಬೈಕನ್ನು ಲಾರಿಗಳ ಸಂದಿಯಲ್ಲಿ ತಳ್ಳಿಕೊಂಡು ಹೋದೆ. ರಸ್ತೆ ಬದಿಯ ಬಂಡೆಗಳ ಮೇಲಿಂದ ಮಳೆನೀರು ಇಳಿಯುತ್ತಿತ್ತು. ಒಂದೊಂದು ಬಂಡೆಯ ಸೀಳಿನಲ್ಲೂ ನೀರು ಒಳಗೆ ಹೋಗುವುದು ಕಾಣುತ್ತಿತ್ತು, ಹೊರಗೆ ಬರುವುದು ಕಾಣುತ್ತಿರಲಿಲ್ಲ. ದಿನಾ ಓಡಾಡುವ ಜನಕ್ಕೆ ಅದು ಬರೀ ಬಂಡೆ. ನನಗೆ ಅಂದು ಪ್ರತಿಯೊಂದೂ ಹದಿನೇಳನೇ ನಂಬರಿನದಾಗಿತ್ತು. ಧರ್ಮಪುರಿಯಲ್ಲಿ ಮತ್ತೆ ಫೋನ್ ಮಾಡಿದೆ, ಪಾಲಕೋಡಿನಲ್ಲಿ ಮಾಡಿದೆ. ಶೆಡ್ಡಿನ ಪೆಟ್ಟಿಗೆಯೊಳಗೆ ತಮ್ಮನ ಫೋನ್ ಒಂದೇ ಸಮನೆ ಬಡಿದುಕೊಳ್ಳುತ್ತಿದ್ದುದನ್ನು ಯಾರೂ ಕೇಳಲಿಲ್ಲ.

ಕ್ವಾರಿ ತಲುಪಿದಾಗ ಹನ್ನೆರಡೂ ಮುಕ್ಕಾಲು. ಒಂದು ಗಂಟೆಗೆ ಊಟ. ಉಣ್ಣುವುದು ಗೋಡೆಯ ಬುಡದಲ್ಲಿ.

ಪೆರುಮಾಳ್ ಸಾರ್ ಎರಡು ಹಾಳೆಯನ್ನೂ ನೋಡಿದರು. "ಎರಡೂ ಚೆನ್ನಾಗೇ ಇದೆಯಲ್ಲ" ಎಂದರು ತಮಿಳಿನಲ್ಲಿ. ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ತೋರಿಸಿದೆ. ಅವರು ಹಾಳೆಗಳನ್ನು ಬೇರೆ ಮಾಡಿ, ತಾವೇ ಮತ್ತೆ ಕೂಡಿಸಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ನೀನು ಎಷ್ಟು ಓದಿದ್ದೀಯ ಎಂದು ಕೇಳಿದರು.

"ಎಂಟು. ಅದೂ ಅರ್ಧ."

"ಎಳುದಿ ಕುಡು." ಬರೆದು ಕೊಡು ಎಂದರು.

ಇಪ್ಪತ್ತಾರು ವರ್ಷ ಕೈಯಿಂದ ಸಂಪಾದಿಸಿದ್ದು ಒಂದು ಹೆಸರು ಮಾತ್ರ, ಲಿಂಗಣ್ಣ ಮಾಡಿದರೆ ತಪ್ಪಿರುವುದಿಲ್ಲ ಎಂಬುದು. ಆ ಹಾಳೆಯ ಹಿಂಬದಿಯಲ್ಲಿ ತಮಿಳಿನಲ್ಲಿ ಬರೆದೆ: ಹನ್ನೊಂದು ದಿನದಿಂದ ನಾನು ಕಳಿಸಿದ ಹದಿನೇಳನೇ ಗೆರೆ ಮಾದರಿಯದು, ಗೋಡೆಯದಲ್ಲ. ತಪ್ಪು ಯಂತ್ರದ್ದಲ್ಲ, ಕಂಪನಿಯದಲ್ಲ, ನನ್ನದು. ಹೆಸರು ಬರೆದು ಸಹಿ ಹಾಕಿದೆ. ಪೆರುಮಾಳ್ ಸಾರ್ ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋಗಿ ಸೈರನ್ ಒತ್ತಿದರು.

ಹದಿನಾಲ್ಕು ಜನ ಬಯ್ದುಕೊಂಡೇ ಮೇಲೆ ಬಂದರು. ಮುರುಗೇಶನ ಮೈಯೆಲ್ಲ ಕಲ್ಲಿನ ಪುಡಿ, ಕಣ್ಣು ಮಾತ್ರ ಕಾಣುತ್ತಿತ್ತು.

"ಏನಣ್ಣ ಇದು? ನಿನ್ ಕಂಪ್ಯೂಟ್ರು ಕೆಟ್ಟೋದ್ರೆ ನಮ್ಮನ್ ಯಾಕೆ ಎಳೀತೀಯ? ಎಲ್ರೂ ನಗ್ತಾವ್ರೆ. ಮಾನ ಕಳದ್‌ಬುಟ್ಟೆ."

"ನಗ್ಲಿ. ಬಾಲಾ ನನ್ ಜೊತೆ."

"ಎಲ್ಲಿಗೆ? ಬುತ್ತಿ ಕೆಳಗೇ ಐತೆ, ಎತ್ಕೊಂಡ್ ಬತ್ತೀನಿ ಇರು."

"ಇಳಿದೀಯ ಅಂದ್ರೆ ಕಾಲ್ ಮುರೀತೀನಿ."

ನಾನು ಅವನಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಸುಮ್ಮನೆ ಹಿಂದೆ ಬಂದ. ಸುತ್ತಿ ಬಳಸಿ ಮೂರನೇ ಗೋಡೆಯ ನೆತ್ತಿಗೆ ಹತ್ತಿದೆವು. ಮುಳ್ಳುಪೊದೆ ಸರಿಸಿದಾಗ ಯಂತ್ರ ಕಾಣಿಸಿತು. ಬಿರುಕಿನ ಆಚೆ ದಡದಲ್ಲಿ ಒಂದು ಮೊಳೆಗೆ ನೇತುಬಿದ್ದಿತ್ತು. ಕೇಬಲ್ ಹಿಂಜಿ ತುಂಡಾಗಿತ್ತು. ಕತ್ತರಿಸಿದ ಹಾಗಲ್ಲ, ಎರಡೂ ಕಡೆಯಿಂದ ಎಳೆದು ಎಳೆದು ಹರಿದ ಹಾಗೆ. ಹೂಡಿದ ದಿನ ಆ ಬಿರುಕಿನೊಳಗೆ ಒಂದು ರೂಪಾಯಿ ನಾಣ್ಯವೂ ಹೋಗುತ್ತಿರಲಿಲ್ಲ. ನಾನು ಮಂಡಿಯೂರಿ ಕೈ ಇಳಿಬಿಟ್ಟೆ. ಮೊಣಕೈವರೆಗೆ ಹೋಯಿತು. ಒಳಗಿನ ಗಾಳಿ ತಣ್ಣಗಿತ್ತು.

ಮುರುಗೇಶ ಬಹಳ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ನನ್ನ ಅಂಗಿ ಹಿಡಿದೆಳೆದ.

"ಅಣ್ಣ. ಆ ಕಡೆ ನಿಂತ್ಕಬ್ಯಾಡ. ಈ ಕಡೆ ಬಾ."

ಗೋಡೆ ಅಂದು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಜನ ಗೊಣಗಿದರು, ಪೆರುಮಾಳ್ ಸಾರ್ ಗಂಟೆಗೊಮ್ಮೆ ನನ್ನ ಮುಖ ನೋಡಿದರು. ಬಿರುಕು ಕಿರಿದಾದ ಕಡೆ, ಅದಕ್ಕೆ ಅಡ್ಡಲಾಗಿ ನಾನು ಸಿಮೆಂಟಿನ ಪಟ್ಟಿ ಮೆತ್ತಿದ್ದೆ. ಬೆಳಗ್ಗೆ ಮೆತ್ತಿದ್ದು ಸಂಜೆಗೆ ಸೀಳಿತ್ತು. ಅದನ್ನು ತೋರಿಸಿ ಯಾರೂ ಕೆಳಗಿಳಿಯದಂತೆ ತಡೆದೆ. ಕವಿತಾ ಮೇಡಂ ಬೆಟ್ಟದಿಂದ ಇಳಿದು ನೇರ ಅಲ್ಲಿಗೇ ಬಂದರು. ಮೂರನೇ ದಿನ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ನಾವೆಲ್ಲ ಎದುರು ದಡದಲ್ಲಿ ನಿಂತಿದ್ದಾಗ, ಮೊದಲು ಗೋಡೆಯ ಪೊದೆಗಳಿಂದ ಹಕ್ಕಿಗಳು ಎದ್ದವು. ಆಮೇಲೆ ಗೋಡೆ, ಕೂತವರು ಏಳುವ ಹಾಗೆ, ಒಂದು ಕ್ಷಣ ಎತ್ತರವಾದಂತೆ ಕಂಡು, ಕೆಳಗೆ ಹೋಯಿತು. ಸದ್ದು ಬಂದದ್ದು ಆ ಮೇಲೆ. ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಕಂಪ್ರೆಸರ್ ಇಲ್ಲ, ನೀರಿನ ಡ್ರಮ್ ಇಲ್ಲ, ಗೋಡೆಯ ಬುಡವೇ ಇಲ್ಲ.

ಮುರುಗೇಶ ಕೈ ಚಾಚಿ ಒಂದು ಕಡೆ ತೋರಿಸಿದ.

"ಅಗೋ ಅಲ್ಲಿ ಒಂದ್ ಚಪ್ಪಟೆ ಕಲ್ಲಿತ್ತಲ್ಲ ಅಣ್ಣ. ಒಂದ್ ಗಂಟೆಗೆ ದಿನಾ ನಾನ್ ಅಲ್ಲೇ ಕುಂತ್ಕತಿದ್ದೆ."

ಆಫೀಸಿಗೆ ಮರಳಿದ ಮೇಲೆ ರಾಜೀನಾಮೆ ಬರೆದುಕೊಟ್ಟೆ. ಕವಿತಾ ಮೇಡಂ ಅದನ್ನು ಓದಿ ಪಕ್ಕಕ್ಕಿಟ್ಟು, ಮೊದಲು ಆ ಸಾಲು ಕೀಳಿ ಎಂದರು. ಇಪ್ಪತ್ತನಾಲ್ಕು ಸ್ಕ್ರಿಪ್ಟಿನಿಂದಲೂ ಕಿತ್ತೆ. ಅವರು ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿದರು. ಈಗ ಫೈಲ್ ಬರದಿದ್ದರೆ ಹಾಳೆ ಖಾಲಿ ಬರುತ್ತದೆ, ನಡುವೆ ಕೆಂಪು ಅಡ್ಡಗೀಟು. ಓಟ ಅಲ್ಲೇ ನಿಲ್ಲುತ್ತದೆ. ನಾನು ಎದ್ದು ಹೋಗಿ ಫೋನ್ ಮಾಡುವವರೆಗೆ ಮುಂದಕ್ಕೆ ಹೋಗುವುದಿಲ್ಲ. ರಾಜೀನಾಮೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಪ್ಪನ ಪಾಠ ತಪ್ಪಲ್ಲ. ಬಟ್ಟೆಗೆ ಹಿಂಬದಿ ಇದೆ. ಸೀರೆ ಮಗುಚಿದರೆ ಕಟ್ಟಿದ ಗಂಟು ಕೈಗೆ ಸಿಗುತ್ತದೆ, ಕೀಳಬಹುದು. ಗೆರೆಯ ಚಿತ್ರಕ್ಕೆ ಹಿಂಬದಿ ಇಲ್ಲ. ಎಷ್ಟು ಮಗುಚಿದರೂ ಬರೀ ಬಿಳಿ ಹಾಳೆ. ಓಕೆ ಎಂದರೆ ಸ್ಕ್ರಿಪ್ಟ್ ಓಡಿತು ಎಂದಷ್ಟೇ. ಯಾವುದರ ಮೇಲೆ ಓಡಿತು ಎಂದು ಅದು ಹೇಳುವುದಿಲ್ಲ, ನಾನು ಕೇಳಿರಲೂ ಇಲ್ಲ. ಕೆಲಸ ನಿಲ್ಲುವುದು ಅವಮಾನ ಎಂದು ತಿಳಿದಿದ್ದೆ. ಕೆಲವು ಕಡೆ ನಿಲ್ಲುವುದೇ ಕೆಲಸ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮನೆಯಲ್ಲಿ ಒಂದು ಮಗ್ಗ, ಅದರ ಮೇಲೆ ಅರ್ಧ ಸೀರೆ. ಆಫೀಸಿನಲ್ಲಿ, ಹೊಸ ಕೆಲಸಗಳದೂ ಸೇರಿ, ನಲವತ್ತೊಂದು ಸ್ಕ್ರಿಪ್ಟ್, ಅವನ್ನು ಓಡಿಸುವ ಒಂದು ಸ್ಕ್ರಿಪ್ಟ್. ಮೇಜಿನ ಡ್ರಾಯರಿನಲ್ಲಿ ಗೇಣುದ್ದದ ಹರಿದ ಕೇಬಲ್ ಒಂದು. ಏಳನೇ ತರಗತಿ ಪಾಸಾದ ಸರ್ಟಿಫಿಕೇಟ್ ಒಂದು. ತಮ್ಮ ಒಬ್ಬ.